ವಿಜಯನಗರದ ಅಡುಗೆಮನೆಯ ಚೂರುಗಳು

ಕೇಳುಗರಿಗೆ ನಮಸ್ಕಾರ.

ಹಂಪಿ ಎಂದ ಕೂಡಲೇ ಕಲ್ಲಿನ ರಥ, ಕಮಲ ಮಹಲು, ಆನೆಲಾಯ ಕಣ್ಣ ಮುಂದೆ ಬರುತ್ತವೆ. ಆ ಊರಿನಲ್ಲಿ ಬಾಳಿದ ಬಹುಪಾಲು ಜನರ ಮನೆಗಳು ಮಣ್ಣಿನ ಗೋಡೆಯವು. ಮೇಲೆ ಹುಲ್ಲಿನ ಸೂರು, ಇಲ್ಲವೇ ಮಣ್ಣಿನ ಮಾಳಿಗೆ. 1565ರ ಸೋಲಿನ ಬಳಿಕ ಊರು ಬರಿದಾಯಿತು. ನೋಡಿಕೊಳ್ಳುವವರಿಲ್ಲದೆ ಸೂರು ಕುಸಿಯಿತು, ಮಳೆಗೆ ಗೋಡೆ ಕರಗಿತು. ಉಳಿದದ್ದು ತಳಪಾಯದ ಒಂದೆರಡು ಸಾಲು ಕಲ್ಲು, ಹಾಸುಬಂಡೆಯಲ್ಲಿ ಕೊರೆದ ಒರಳು, ಮತ್ತು ಲೆಕ್ಕವಿಲ್ಲದಷ್ಟು ಮಡಕೆ ಚೂರು. ಇವತ್ತಿನ ಮಾತು ಆ ಚೂರುಗಳದ್ದು.

ನಗರದ ಸುತ್ತಲಿನ ಹೊಲ, ಗುಡ್ಡ, ಕೆರೆಯಂಗಳಗಳಲ್ಲಿ 1987ರಿಂದ 1997ರವರೆಗೆ ಪುರಾತತ್ವ ತಜ್ಞರಾದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥ್ಲೀನ್ ಮಾರಿಸನ್ ಅವರ ತಂಡ ಸರ್ವೆ ನಡೆಸಿತು. ಇಪ್ಪತ್ತು ಇಪ್ಪತ್ತು ಮೀಟರ್ ಅಂತರದಲ್ಲಿ ಸಾಲಾಗಿ ನಿಂತು, ನೆಲ ನೋಡುತ್ತ ನಡೆಯುವುದು, ಕೆಲಸ ಅಷ್ಟೇ. ಕೆರೆ, ಕಾಲುವೆ, ಗುಡಿ, ಹಳ್ಳಿಯ ನೆಲೆ, ಕಬ್ಬಿಣ ಕರಗಿಸಿದ ಜಾಗ ಎಲ್ಲ ಸೇರಿ 700ಕ್ಕೂ ಹೆಚ್ಚು ತಾಣಗಳು ದಾಖಲಾದವು.

ಆದರೆ ಹೊಲದಲ್ಲಿ ಚೂರು ಸಿಕ್ಕಿತೆಂದ ಮಾತ್ರಕ್ಕೆ ಅಲ್ಲಿ ಮನೆಯಿತ್ತು ಎನ್ನುವಂತಿಲ್ಲ. ಮನೆಯಲ್ಲಿ ಒಡೆದ ಮಡಕೆ ಹೋಗುವುದು ತಿಪ್ಪೆಗೆ. ತಿಪ್ಪೆಯ ಗೊಬ್ಬರ ಗಾಡಿ ಹತ್ತಿ ಹೊಲಕ್ಕೆ ಬರುತ್ತದೆ, ಅದರ ಜೊತೆಗೇ ಚೂರೂ ಬರುತ್ತದೆ. ಹೀಗೆ ಬಂದ ಚೂರುಗಳು ನೇಗಿಲಿಗೆ ಸಿಕ್ಕಿ ಸಣ್ಣಗಾಗಿ, ಅಂಚು ಸವೆದು, ಇಡೀ ಹೊಲದಲ್ಲಿ ತೆಳ್ಳಗೆ ಹರಡಿರುತ್ತವೆ. ಮನೆಯಿದ್ದ ಜಾಗದಲ್ಲಾದರೆ ಚೂರು ದೊಡ್ಡದು, ಒಡೆದ ಅಂಚು ಚೂಪು, ಒಂದೇ ಕಡೆ ಒತ್ತಾಗಿ ಬಿದ್ದಿರುತ್ತವೆ. ನಡುವೆ ಬೂದಿಮಣ್ಣು, ಗಾಜಿನ ಬಳೆಯ ತುಂಡು, ಬೀಸುವ ಕಲ್ಲಿನ ಹೋಳು. ಹಾಗಂತ ಹೊಲದ ಚೂರು ಕೆಲಸಕ್ಕೆ ಬಾರದ್ದಲ್ಲ. ಆ ಕಾಲದಲ್ಲಿ ಎಲ್ಲಿಯವರೆಗೆ ಗೊಬ್ಬರ ಹೊಡೆದು ಬೇಸಾಯ ಮಾಡುತ್ತಿದ್ದರು ಎಂಬುದನ್ನು ಅದೇ ಹೇಳುತ್ತದೆ.

ಈಗ ಒಂದು ಚೂರನ್ನು ಕೈಗೆತ್ತಿಕೊಳ್ಳೋಣ. ನಮಗೆ ಬೇಕಾದದ್ದು ಬಾಯಂಚಿನ ಚೂರು. ಕಾಗದದ ಮೇಲೆ ಒಂದೊಂದು ಸೆಂಟಿಮೀಟರ್ ಬಿಟ್ಟು ಒಂದರೊಳಗೊಂದು ವೃತ್ತ ಬರೆದಿರುತ್ತಾರೆ. ಚೂರನ್ನು ಬೋರಲಾಗಿ ಹಿಡಿದು, ಅಂಚಿನ ಕೆಳಗೆ ಬೆಳಕು ತೂರದಂತೆ ಕಾಗದಕ್ಕೆ ಕೂರಿಸಬೇಕು. ಯಾವ ವೃತ್ತಕ್ಕೆ ಸರಿಹೊಂದುತ್ತದೋ ಅದು ಮಡಕೆಯ ಬಾಯಗಲ. ಜೊತೆಗೆ, ಪೂರ್ತಿ ಬಾಯಿಯಲ್ಲಿ ಈ ಚೂರು ಶೇಕಡಾ ಎಷ್ಟು ಎಂಬುದನ್ನೂ ಬರೆದುಕೊಳ್ಳಬೇಕು. ಶೇಕಡಾ 5ಕ್ಕಿಂತ ಕಡಿಮೆ ಇದ್ದರೆ ಅಳತೆಯನ್ನು ನಂಬಬೇಡಿ.

ಶೇಕಡಾ ಯಾಕೆ? ಕಾಳು ತುಂಬಿಡುವ ಒಂದು ದೊಡ್ಡ ಮಣ್ಣಿನ ವಾಡೆ ಒಡೆದರೆ ನೂರು ಚೂರು, ಹಣತೆ ಒಡೆದರೆ ಎರಡೇ. ಬರೀ ಚೂರು ಎಣಿಸಿದರೆ ಮನೆ ತುಂಬ ವಾಡೆಗಳೇ ಇದ್ದವೇನೋ ಎನಿಸುತ್ತದೆ. ಒಂದೇ ಬಗೆಯ ಅಂಚುಗಳ ಶೇಕಡಾ ಕೂಡಿಸಿ, ಮೊತ್ತ ನೂರಾದಾಗ ಒಂದು ಪಾತ್ರೆ ಎಂದು ಹಿಡಿದರೆ ಲೆಕ್ಕ ಹಳಿಗೆ ಬರುತ್ತದೆ.

ವಿಜಯನಗರದ ಮಡಕೆಗಳಲ್ಲಿ ಹೆಚ್ಚಿನವು ಕಪ್ಪು, ಬೂದು, ಕಂದು ಬಣ್ಣದವು. ಮೇಲ್ಭಾಗವನ್ನು ಕುಂಬಾರನ ಚಕ್ರವಾದ ತಿಗರಿಯಲ್ಲಿ ಎತ್ತಿ, ಕೆಳಭಾಗವನ್ನು ಒಳಗೆ ಗುಂಡುಕಲ್ಲು ಹಿಡಿದು ಹೊರಗಿನಿಂದ ಮರದ ಹಲಗೆಯಲ್ಲಿ ತಟ್ಟಿ ದುಂಡಾಗಿಸಿದ್ದು. ಒಳಮೈಯಲ್ಲಿ ಬೆರಳಾಡಿಸಿದರೆ ಗುಂಡುಕಲ್ಲಿನ ತಗ್ಗುಗಳು ಸಿಗುತ್ತವೆ. ತಳ ದುಂಡಗಿರುವುದು ಬರೀ ಅಂದಕ್ಕಲ್ಲ. ಮೂಲೆ ಇದ್ದಲ್ಲಿ ಶಾಖ ಸಮನಾಗಿ ಹರಡದೆ ಬಿರುಕು ಬಿಡುತ್ತದೆ. ದುಂಡು ತಳ ಮೂರು ಕಲ್ಲಿನ ಒಲೆಯ ಮೇಲೂ, ಸಿಂಬೆಯ ಮೇಲೂ ಚೆನ್ನಾಗಿ ಕೂರುತ್ತದೆ.

ಮಸಿ ಎಲ್ಲಿದೆ ನೋಡಿ. ಒಲೆಯ ಮೇಲೆ ಕೂತ ಮಡಕೆಗೆ ಪಕ್ಕದಲ್ಲಿ ಮಸಿ ದಟ್ಟವಾಗಿ ಹಿಡಿಯುತ್ತದೆ. ಉರಿ ನೇರ ತಗಲುವ ತಳದಲ್ಲಿ ಮಸಿಯೂ ಸುಟ್ಟುಹೋಗಿ ಮಣ್ಣು ಕೆಂಪಗೆ ಕಾಣುತ್ತದೆ. ಹೊರಗೆ ಮಸಿಯಿಲ್ಲ, ಒಳಗೆ ಬಿಳಿ ಸುಣ್ಣದ ಪದರ ಕಟ್ಟಿದೆ, ಕುತ್ತಿಗೆ ಕಿರಿದು ಎಂದಾದರೆ ಅದು ನೀರಿನ ಕೊಡ. ಅಂಚಿನ ಒಂದೇ ಬದಿ ಕರಿ ಹಿಡಿದಿದ್ದರೆ ಹಣತೆ. ಒಂದು ಎಚ್ಚರಿಕೆ: ಮಡಕೆಯ ಕಪ್ಪು ಬಣ್ಣವೇ ಬೇರೆ, ಒಲೆಯ ಮಸಿಯೇ ಬೇರೆ. ಮಡಕೆ ಸುಡುವ ಆವಿಗೆಯಲ್ಲಿ ಹೊಗೆ ಕಟ್ಟಿ ಸುಟ್ಟರೆ ಮಣ್ಣೇ ಕಪ್ಪಾಗುತ್ತದೆ, ಆ ಕಪ್ಪು ಮೈಯೆಲ್ಲ ಒಂದೇ ಸಮ ಇರುತ್ತದೆ.

ಇಷ್ಟೆಲ್ಲ ಚೂರು ನೋಡಿದ ಮೇಲೆ ಒಂದು ಪ್ರಶ್ನೆ ಏಳುತ್ತದೆ. ಬೇಯಿಸುವ, ತುಂಬಿಡುವ, ನೀರು ತರುವ ಮಡಕೆಗಳಿವೆ; ಉಣ್ಣುವ ಮಣ್ಣಿನ ತಟ್ಟೆ ಮಾತ್ರ ಅಪರೂಪ. ನಮ್ಮವರಿಗೆ ಇದರ ಉತ್ತರ ಹೇಳಿಕೊಡಬೇಕಾಗಿಲ್ಲ. ಎಂಜಲಾದ ಮಣ್ಣಿನ ಪಾತ್ರೆಗೆ ಶುದ್ಧಿಯಿಲ್ಲ, ಎಸೆಯಬೇಕು. ಲೋಹದ್ದಾದರೆ ಬೂದಿ ಹಾಕಿ ತಿಕ್ಕಿದರಾಯಿತು. ಎಲೆಯಾದರೆ ತೊಳೆಯುವ ಗೊಡವೆಯೇ ಇಲ್ಲ. ಎಲೆ ಕೊಳೆತುಹೋಯಿತು, ಒಡೆದ ಕಂಚು ಕರಗಿ ಮತ್ತೊಂದು ಪಾತ್ರೆಯಾಯಿತು, ನೆಲದೊಳಗೆ ಎರಡೂ ಉಳಿಯಲಿಲ್ಲ. ಹಂಪಿಯಲ್ಲಿ ಭೋಜನಶಾಲೆ ಎಂದು ಕರೆಯುವ ಕಡೆ, ನೀರಿನ ಕಾಲುವೆಯ ಪಕ್ಕ, ಪಲ್ಯ ಕೋಸಂಬರಿಗೆ ಬೇರೆ ಬೇರೆ ಗುಳಿ ಕೊರೆದ ಕಲ್ಲಿನ ತಟ್ಟೆಗಳ ಸಾಲಿದೆ. ಅದು ಹತ್ತು ಜನ ಸಾಲಾಗಿ ಕೂತು ಉಣ್ಣುವ ಏರ್ಪಾಟು. ಅದನ್ನು ನೋಡಿ ಮನೆಮನೆಯ ಊಟ ಹೀಗಿತ್ತು ಎನ್ನುವುದು ತಪ್ಪು.

ಇನ್ನು ಮಡಕೆಯೊಳಗೆ ಏನು ಬೇಯುತ್ತಿತ್ತು? 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಪೇಟೆಯಲ್ಲಿ ಅಕ್ಕಿ, ಗೋಧಿ, ಜೋಳ, ಹೆಸರು, ಹುರುಳಿಗಳನ್ನು ಹೆಸರಿಸುತ್ತಾನೆ. ಪೇಟೆಯಲ್ಲಿ ಇದ್ದದ್ದೆಲ್ಲ ಬಡವರ ಒಲೆಗೆ ಬಂತೇ ಎಂಬುದಕ್ಕೆ ಒಲೆಯ ಬೂದಿಯನ್ನೇ ಕೇಳಬೇಕು. ಒಲೆಯ ಸುತ್ತಲಿನ ಮಣ್ಣನ್ನು ಒಂದು ಇಪ್ಪತ್ತು ಲೀಟರಿನಷ್ಟು ತೆಗೆದು, ನೆರಳಲ್ಲಿ ಒಣಗಿಸಿ, ನೀರು ತುಂಬಿದ ತೊಟ್ಟಿಗೆ ಸುರಿದು ಮೆಲ್ಲಗೆ ಕದಡುತ್ತಾರೆ. ಸುಟ್ಟು ಇದ್ದಿಲಾದ ಕಾಳು ಹಗುರ, ಮೇಲೆ ತೇಲುತ್ತದೆ. ಅದನ್ನು ಅರ್ಧ ಮಿಲಿಮೀಟರಿಗಿಂತ ದೊಡ್ಡದಲ್ಲದ ಕಣ್ಣಿನ ಜರಡಿಯಲ್ಲಿ ಹಿಡಿಯಬೇಕು. ರಾಗಿ ಕಾಳು ಒಂದೂವರೆ ಮಿಲಿಮೀಟರಿನ ಆಸುಪಾಸು. ಎರಡು ಮಿಲಿಮೀಟರಿನ ಜರಡಿ ಹಿಡಿದರೆ ಜೋಳ ಸಿಗುತ್ತದೆ, ರಾಗಿ ಸೋರಿಹೋಗುತ್ತದೆ, ಆಮೇಲೆ ವರದಿಯಲ್ಲಿ ಇಲ್ಲಿನವರು ರಾಗಿ ತಿನ್ನುತ್ತಿರಲಿಲ್ಲ ಎಂದು ಅಚ್ಚಾಗುತ್ತದೆ! ಎರೆಮಣ್ಣು ನೀರಿನಲ್ಲಿ ಒಡೆಯದೆ ಉಂಡೆಯಾಗಿಯೇ ಉಳಿದರೆ ಅಡುಗೆ ಸೋಡಾ ಬೆರೆಸಿ ರಾತ್ರಿ ನೆನೆಯಲು ಬಿಡುತ್ತಾರೆ. ತೆಗೆದ ಕಾಳನ್ನು ಬಿಸಿಲಿಗಿಟ್ಟರೆ ಬಿರಿದು ಪುಡಿಯಾಗುತ್ತದೆ, ನೆರಳೇ ಸರಿ. ಸುಡದ ಕಾಳು ಸಿಕ್ಕರೆ ಪಕ್ಕಕ್ಕಿಡಿ. ಇರುವೆಯೋ ಬೇರಿನ ಬಿಲವೋ ಮೊನ್ನೆ ಮೊನ್ನೆ ಇಳಿಸಿದ್ದು. ಹಿಟ್ಟಾಗಿ ಮುದ್ದೆಯಾದ ರಾಗಿಯ ಗುರುತು ಹೀಗೆ ಸಿಗುವುದಿಲ್ಲ. ಹುರಿಯುವಾಗ, ಒಣಗಿಸುವಾಗ ಒಲೆಗೆ ಸಿಡಿದ ನಾಲ್ಕು ಕಾಳೇ ನಮ್ಮ ಪಾಲಿಗೆ.

ಕಾಲ ನಿರ್ಣಯದ ತೊಡಕು ಬೇರೆಯೇ. ಇದ್ದಿಲಿನ ಕಾರ್ಬನ್ ಪರೀಕ್ಷೆ ಹದಿನೈದು, ಹದಿನಾರನೆಯ ಶತಮಾನಕ್ಕೆ ಬಂದಾಗ ಮೊಂಡಾಗುತ್ತದೆ. ವಾತಾವರಣದ ಕಾರ್ಬನ್ ಏರಿಳಿತದಿಂದಾಗಿ 1500ರ ಇದ್ದಿಲಿಗೂ 1600ರ ಇದ್ದಿಲಿಗೂ ಗೆರೆ ಎಳೆಯುವುದು ಕಷ್ಟ. ಅದರ ಮೇಲೆ, ಉರಿಸಿದ್ದು ಹಳೆಯ ತೊಲೆಯಾದರೆ ಮರದ ವಯಸ್ಸು ಬರುತ್ತದೆ, ಅಡುಗೆಯದ್ದಲ್ಲ. ಅದಕ್ಕೇ ಜೊತೆಯಲ್ಲಿ ಬಿದ್ದ ತಾಮ್ರದ ಕಾಸು, ಚೀನಾದ ನೀಲಿ ಬಿಳಿ ಪಿಂಗಾಣಿಯ ಚೂರು ಹುಡುಕುವುದು. ಕೆಲವೊಮ್ಮೆ ಅದೇ ಮಣ್ಣಿನಲ್ಲಿ ಮಂಗಳೂರು ಹೆಂಚಿನ ತುಂಡೂ ಏಳುತ್ತದೆ. ಆ ಹೆಂಚಿನ ಮೊದಲ ಕಾರ್ಖಾನೆ ಶುರುವಾದದ್ದು 1865ರಲ್ಲಿ. ಅಂದಮೇಲೆ ಆ ಪದರವನ್ನು ಆಮೇಲೆ ಯಾರೋ ಅಗೆದಿದ್ದಾರೆ, ಅದರಲ್ಲಿ ಸಿಕ್ಕ ಮಡಕೆಗಳನ್ನು ಮನೆಯ ಲೆಕ್ಕದಿಂದ ಹೊರಗಿಡಬೇಕು.

ನಮಸ್ಕಾರ.