ಕೆಲಸ ಬಿಡದೆ ಜಿಮ್ಯಾಟ್ ಓದಿದ ಏಳು ತಿಂಗಳು

ನೀವೀಗ ನೋಡುತ್ತಿರುವುದು ನನ್ನ ಮೇಜು. ಬೆಳಗಿನ ಜಾವ 5 ಗಂಟೆ 20 ನಿಮಿಷ. ಒಂದು ದೀಪ, ಒಂದು ಲ್ಯಾಪ್‌ಟಾಪ್, ಮೂಲೆಗಳು ಮಡಚಿಕೊಂಡಿರುವ ಒಂದು ನೋಟ್‌ಬುಕ್. ಆ ನೋಟ್‌ಬುಕ್ಕನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ. ಈ ವಿಡಿಯೊ ಮಾಡುತ್ತಿರುವುದೇ ಅದಕ್ಕಾಗಿ.

ನಾನು ಒಂದು ಸರಕು ಸಾಗಣೆ ಕಂಪನಿಯಲ್ಲಿ ಗ್ರಾಹಕರ ದೂರು ನೋಡಿಕೊಳ್ಳುವ ವಿಭಾಗದಲ್ಲಿದ್ದೇನೆ. ಬೆಳಿಗ್ಗೆ 9ಕ್ಕೆ ಶುರು. ಸಂಜೆ 6ಕ್ಕೆ ಮುಗಿಯಬೇಕು, ಮುಗಿಯುವುದು 7ಕ್ಕೆ. ಎಂಬಿಎ ಮಾಡಬೇಕು ಅನ್ನುವ ಆಸೆ ತುಂಬಾ ದಿನದ್ದು. ಕೆಲಸ ಬಿಟ್ಟು ಓದುವ ಅನುಕೂಲ ಇರಲಿಲ್ಲ. ಹಾಗಾಗಿ ಎರಡನ್ನೂ ಜೊತೆಯಲ್ಲೇ ಎಳೆದುಕೊಂಡು ಹೋದೆ. ಒಟ್ಟು ಏಳು ತಿಂಗಳು. ಅದರಲ್ಲಿ ಮೊದಲ ಮೂರು ತಿಂಗಳು ನಾನು ಓದಿದ ರೀತಿಯೇ ಸರಿಯಿರಲಿಲ್ಲ. ಅದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ನಿಮ್ಮಲ್ಲಿ ತುಂಬಾ ಜನ ಈಗ ಹಾಗೆಯೇ ಓದುತ್ತಿರಬಹುದು.

ಪರೀಕ್ಷೆ ಗೊತ್ತಿಲ್ಲದವರಿಗೆ ಎರಡು ಮಾತು. ಜಿಮ್ಯಾಟ್ ಅಂದರೆ ಎಂಬಿಎ ಸೇರಲು ಬರೆಯುವ ಪ್ರವೇಶ ಪರೀಕ್ಷೆ. ಹಳೆಯದು, 1954ರಿಂದ ನಡೆಯುತ್ತಿದೆ. ಆದರೆ ಈಗಿನ ರೂಪ ಬಂದದ್ದು 2023ರ ನವೆಂಬರ್‌ನಲ್ಲಿ. ಮೂರು ಭಾಗ, ಒಂದೊಂದಕ್ಕೆ 45 ನಿಮಿಷ. ಗಣಿತದಲ್ಲಿ 21 ಪ್ರಶ್ನೆ, ಓದಿ ಅರ್ಥ ಮಾಡಿಕೊಳ್ಳುವ ವರ್ಬಲ್‌ನಲ್ಲಿ 23, ಪಟ್ಟಿ, ಗ್ರಾಫ್ ನೋಡಿ ಉತ್ತರಿಸುವ ಡೇಟಾ ಇನ್‌ಸೈಟ್ಸ್‌ನಲ್ಲಿ 20. ಅಂಕ 205ರಿಂದ 805ರವರೆಗೆ. ಹಳೆಯ ವಿಡಿಯೊಗಳಲ್ಲಿ ಪ್ರಬಂಧ, ವಾಕ್ಯ ತಿದ್ದುವುದು, ರೇಖಾಗಣಿತ ಅಂತೆಲ್ಲ ಹೇಳಿರುತ್ತಾರೆ. ಅವು ಯಾವುವೂ ಈಗ ಇಲ್ಲ. ನಾನು ಎರಡು ವಾರ ಸುಮ್ನೆ ತ್ರಿಕೋನ, ವೃತ್ತ ಅಂತ ಕೂತಿದ್ದೆ. ನೀವು ಓದಲು ಕೂರುವ ಮುಂಚೆ ಪುಸ್ತಕ ಯಾವ ರೂಪದ ಪರೀಕ್ಷೆಗೆ ಬರೆದದ್ದು ಅಂತ ನೋಡಿಕೊಳ್ಳಿ.

ಈಗ ಆ ಮೂರು ತಿಂಗಳು. ಆಫೀಸಿನಿಂದ ಬಂದು, ಊಟ ಮುಗಿಸಿ, ರಾತ್ರಿ 9ಕ್ಕೆ ಕೂರುತ್ತಿದ್ದೆ. 11 ಗಂಟೆ 30 ನಿಮಿಷದವರೆಗೆ. ದಿನಕ್ಕೆ ಎರಡೂವರೆ ಗಂಟೆ. ಗೋಡೆಯ ಕ್ಯಾಲೆಂಡರಿನಲ್ಲಿ ಹಸಿರು ಪೆನ್ನಿನಿಂದ ಗುರುತು ಹಾಕುತ್ತಿದ್ದೆ. ತಿಂಗಳ ಕೊನೆಗೆ ಆ ಗುರುತುಗಳನ್ನು ಎಣಿಸಿದರೆ ಮನಸ್ಸಿಗೆ ಎಷ್ಟೋ ಸಮಾಧಾನ. ಇಷ್ಟು ಗಂಟೆ ಹಾಕಿದ್ದೇನೆ, ಫಲ ಬಂದೇ ಬರುತ್ತದೆ ಅಂತ ನಂಬಿದ್ದೆ.

ಒಂದು ರಾತ್ರಿ ಅಕ್ಕ ನೀರು ಕುಡಿಯಲು ಎದ್ದವಳು ನನ್ನ ಹಿಂದೆ ಬಂದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ ಗೊತ್ತಾಗಲಿಲ್ಲ.

"ನೀನು ಓದ್ತಾ ಇಲ್ಲ ಕಣೇ," ಅಂದಳು. "ಹತ್ತು ನಿಮಿಷದಿಂದ ಅದೇ ಪುಟ. ಪುಸ್ತಕದ ಮುಂದೆ ಕೂತಿದ್ದೀಯ ಅಷ್ಟೇ."

ನನಗೆ ಸಿಟ್ಟು ಬಂತು. ದಿನವಿಡೀ ದುಡಿದು ಬಂದು ಕೂತಿದ್ದೇನೆ, ಇವಳಿಗೇನು ಗೊತ್ತು ಅಂದುಕೊಂಡೆ. ಆ ಸಿಟ್ಟಿನಲ್ಲೇ ಮತ್ತೂ ಮೂರು ವಾರ ಹಾಗೆಯೇ ಕಳೆದೆ.

ಆಮೇಲೆ ಮೊದಲ ಪರೀಕ್ಷೆ. ರಜೆ ಉಳಿಸಬೇಕು ಅಂತ ಶುಕ್ರವಾರ ಸಂಜೆ 4ರ ಸ್ಲಾಟ್ ತೆಗೆದುಕೊಂಡೆ. ಬೆಳಿಗ್ಗೆ ಆಫೀಸಿಗೆ ಹೋಗಿ, ಎರಡು ಮೀಟಿಂಗ್ ಮುಗಿಸಿ, ಅರ್ಧ ದಿನ ರಜೆ ಹಾಕಿ ಪರೀಕ್ಷಾ ಕೇಂದ್ರಕ್ಕೆ ಹೋದೆ. ಗಣಿತ ಹೇಗೋ ಮುಗಿಯಿತು. ವರ್ಬಲ್‌ನಲ್ಲಿ ಒಂದು ಉದ್ದನೆಯ ಪ್ಯಾಸೇಜ್ ಬಂತು. ಮೂರು ಸಲ ಓದಿದೆ. ಮೂರು ಸಲವೂ ಕೊನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲ ಸಾಲು ಮರೆತುಹೋಗಿತ್ತು. ಗಡಿಯಾರ ನೋಡಿದಾಗ ಕೈ ತಣ್ಣಗಾಯಿತು. ಸಮಯ ಮುಗಿದಾಗ 4 ಪ್ರಶ್ನೆ ಹಾಗೆಯೇ ಉಳಿದಿದ್ದವು. ಪೂರ್ತಿ ಮಾಡದೆ ಬಿಟ್ಟರೆ ಅಂಕ ಜಾಸ್ತಿ ಕಡಿತವಾಗುತ್ತದೆ ಅನ್ನುವುದು ಗೊತ್ತಿತ್ತು. ಗೊತ್ತಿದ್ದೂ ಕೈ ಓಡಲಿಲ್ಲ.

565 ಬಂತು. ನನಗೆ ಬೇಕಾಗಿದ್ದು 655.

ಮನೆಗೆ ಬಂದು ಅಕ್ಕನ ಹತ್ತಿರ ಕೂತು ಅತ್ತೆ. ಅವಳು ಏನೂ ಬುದ್ಧಿ ಹೇಳಲಿಲ್ಲ. ಒಂದೇ ಪ್ರಶ್ನೆ ಕೇಳಿದಳು. "ಇಡೀ ದಿನದಲ್ಲಿ ನಿನ್ನ ತಲೆ ಚೆನ್ನಾಗಿ ಓಡೋದು ಯಾವಾಗ?"

ಯೋಚನೆ ಮಾಡುವುದೇ ಬೇಕಿರಲಿಲ್ಲ. ಬೆಳಿಗ್ಗೆ. ಆ ಬೆಳಗನ್ನು ಪೂರ್ತಿ ನಾನು ಆಫೀಸಿಗೆ ಕೊಡುತ್ತಿದ್ದೆ. ದೂರುಗಳಿಗೆ ಉತ್ತರ ಬರೆದು ಬರೆದು ಸೋತ ತಲೆಯನ್ನು ರಾತ್ರಿ ತಂದು ಪರೀಕ್ಷೆಯ ಮುಂದೆ ಕೂರಿಸುತ್ತಿದ್ದೆ. ಕೆಲಸ ಮಾಡುವವರು ಓದುವಾಗ ಎಲ್ಲರೂ ಸಮಯ ಸಿಗಲ್ಲ ಅಂತೀವಿ. ನನಗೆ ಸಮಯ ಸಿಕ್ಕಿತ್ತು, ದಿನಕ್ಕೆ ಎರಡೂವರೆ ಗಂಟೆ. ಆ ಹೊತ್ತಿಗೆ ತಲೆಯಲ್ಲಿ ಕಸುವೇ ಉಳಿದಿರುತ್ತಿರಲಿಲ್ಲ.

ಮುಂದಿನ ಸೋಮವಾರದಿಂದ ರಾತ್ರಿ ಓದು ನಿಲ್ಲಿಸಿದೆ. 10 ಗಂಟೆಗೆ ಮಲಗುವುದು, 5ಕ್ಕೆ ಏಳುವುದು. 5 ಗಂಟೆ 20 ನಿಮಿಷದಿಂದ 6 ಗಂಟೆ 50 ನಿಮಿಷದವರೆಗೆ ಓದು. ಒಂದೂವರೆ ಗಂಟೆ, ಮೊದಲಿಗಿಂತ ಒಂದು ಗಂಟೆ ಕಡಿಮೆ. ಮೊದಲ ಹತ್ತು ದಿನ ಕಷ್ಟ. ಅಲಾರಾಂ ಇಟ್ಟ ಫೋನು ಪಕ್ಕದ ಕೋಣೆಯಲ್ಲಿ ಇರುತ್ತಿತ್ತು. ಎದ್ದು ನಡೆದು ಹೋಗಿಯೇ ಆರಿಸಬೇಕು. ಆಮೇಲೆ ದೇಹ ತಾನಾಗಿಯೇ ಒಗ್ಗಿಕೊಂಡಿತು. ಎಲ್ಲರಿಗೂ ಬೆಳಗ್ಗೆಯೇ ಆಗಬೇಕು ಅಂತಿಲ್ಲ. ನನ್ನ ಸಹೋದ್ಯೋಗಿಯೊಬ್ಬರು ಮಧ್ಯಾಹ್ನದ ಪಾಳಿಯವರು, ಅವರಿಗೆ ಬೆಳಿಗ್ಗೆ 10ರಿಂದ 12 ಹೊಂದುತ್ತದೆ. ನಿಮ್ಮ ತಲೆಯ ಒಳ್ಳೆಯ ಹೊತ್ತು ಯಾವುದೋ ಅದನ್ನು ಓದಿಗೆ ಮೊದಲು ಎತ್ತಿಡಿ.

ಈಗ ಆ ನೋಟ್‌ಬುಕ್. ಕ್ಯಾಮೆರಾ ಹತ್ತಿರ ತರುತ್ತೇನೆ, ಒಂದು ಪುಟ ನೋಡಿ.

ಮೇಲೆ ತಾರೀಖು. ಕೆಳಗೆ ಪ್ರಶ್ನೆ. ಇದು ಡೇಟಾ ಸಫಿಷಿಯನ್ಸಿ. ಇದರಲ್ಲಿ ಉತ್ತರ ಕಂಡುಹಿಡಿಯುವುದು ಕೇಳುವುದಿಲ್ಲ. ಉತ್ತರ ಹೇಳಲು ಕೊಟ್ಟ ಮಾಹಿತಿ ಸಾಕೇ ಅಂತ ಮಾತ್ರ ಕೇಳುತ್ತಾರೆ. ಎಕ್ಸ್ ಬೆಲೆ ಎಷ್ಟು? ಮೊದಲ ಹೇಳಿಕೆ, ಎಕ್ಸ್‌ನ ವರ್ಗ 16. ಎರಡನೆಯ ಹೇಳಿಕೆ, ಎಕ್ಸ್ ಸೊನ್ನೆಗಿಂತ ಕಡಿಮೆ. ನಾನು ಮೊದಲ ಹೇಳಿಕೆ ಒಂದೇ ಸಾಕು ಅಂತ ಗುರುತು ಹಾಕಿದ್ದೆ. ವರ್ಗ 16 ಅಂದರೆ 4, ಮುಗಿಯಿತು ಅಲ್ವಾ? ಮುಗಿಯಲಿಲ್ಲ. ಮೈನಸ್ 4ರ ವರ್ಗವೂ 16. ಎರಡು ಹೇಳಿಕೆ ಸೇರಿದರೆ ಮಾತ್ರ ಒಂದೇ ಉತ್ತರ ಸಿಗುತ್ತದೆ.

ಅದರ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲು ಬರೆದಿದ್ದೇನೆ. "ಮೈನಸ್ ಮರೆತೆ." ಅಷ್ಟೇ. ಪೂರ್ತಿ ಲೆಕ್ಕ ಬರೆಯುವುದಿಲ್ಲ, ಸರಿಯುತ್ತರ ಬರೆಯುವುದಿಲ್ಲ. ಯಾಕೆ ತಪ್ಪಿದೆ ಅನ್ನುವುದನ್ನು ಎರಡು ಮೂರು ಪದದಲ್ಲಿ ಬರೆಯುತ್ತೇನೆ.

ಆರು ವಾರದಲ್ಲಿ 140 ತಪ್ಪು ಸೇರಿತು. ಒಂದು ಶನಿವಾರ ಕೂತು ಎಣಿಸಿದೆ. ನಿಜವಾಗಿ ವಿಷಯ ಗೊತ್ತಿಲ್ಲದೆ ತಪ್ಪಿದ್ದು 31. ಮಿಕ್ಕಿದ್ದೆಲ್ಲ ಗೊತ್ತಿದ್ದೂ ತಪ್ಪಿದ್ದು. ಪ್ರಶ್ನೆ ಅರ್ಧ ಓದಿದ್ದು. ಶೇಕಡಾ ಕೇಳಿದರೆ ಸಂಖ್ಯೆ ಕೊಟ್ಟಿದ್ದು. "ಮೈನಸ್ ಮರೆತೆ" ಒಂದೇ 11 ಸಲ! ಮೂರು ತಿಂಗಳು ನಾನು ಮಾಡಿದ್ದೇನು? ಹೊಸ ಹೊಸ ಅಧ್ಯಾಯ ಓದುತ್ತಾ ಹೋಗಿದ್ದು. ನನ್ನ ತೊಂದರೆ ಅಲ್ಲಿರಲೇ ಇಲ್ಲ. ಆ ಎಣಿಕೆ ಮುಗಿದಾಗ ನನಗಾದ ಸಂತೋಷವನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ನಾನು ದಡ್ಡಿಯಲ್ಲ ಅನ್ನುವುದು ಅವತ್ತು ಕಾಗದದ ಮೇಲೆ ಕಂಡಿತ್ತು.

ಬರೆದಿಟ್ಟರೆ ಸಾಲದು, ತಿರುಗಿ ನೋಡಬೇಕು. ಹರ್ಮನ್ ಎಬ್ಬಿಂಗ್‌ಹೌಸ್ ಅಂತ ಜರ್ಮನಿಯ ಮನಶ್ಶಾಸ್ತ್ರಜ್ಞ 1885ರಲ್ಲಿ ಮರೆವಿನ ಬಗ್ಗೆ ಬರೆದರು. ಅರ್ಥವಿಲ್ಲದ ಅಕ್ಷರ ಗುಂಪುಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಅಂತ ತಮ್ಮ ಮೇಲೆಯೇ ಪ್ರಯೋಗ ಮಾಡಿಕೊಂಡವರು. ಮರೆಯುವುದರಲ್ಲಿ ಹೆಚ್ಚಿನ ಪಾಲು ಮೊದಲ ಒಂದು ದಿನದಲ್ಲೇ ಆಗಿಬಿಡುತ್ತದೆ. ಅದಕ್ಕೆ ನಾನು ಪ್ರತಿ ತಪ್ಪನ್ನೂ ಮಾರನೇ ದಿನ ಒಮ್ಮೆ, ನಾಲ್ಕನೇ ದಿನ ಒಮ್ಮೆ, ಹದಿನೈದನೇ ದಿನ ಒಮ್ಮೆ ಮತ್ತೆ ಬಿಡಿಸುತ್ತಿದ್ದೆ. ಇದಕ್ಕೆ ರಾತ್ರಿಯ 20 ನಿಮಿಷ ಸಾಕು. ಸೋತ ತಲೆಗೆ ಹೊಸದು ಹಿಡಿಸದು, ಹಳೆಯದನ್ನು ಮತ್ತೆ ನೋಡುವುದು ಮಾತ್ರ ಆಗುತ್ತದೆ.

ಇದರ ನಡುವೆ ನಾನು ನಿರೀಕ್ಷಿಸದ ಇನ್ನೊಂದು ಆಯಿತು. ಆಫೀಸಿನ ಮೀಟಿಂಗ್. ಹೊಸ ಸಾಫ್ಟ್‌ವೇರ್ ಬಂದ ಮೇಲೆ ದೂರು ಕಡಿಮೆಯಾಗಿದೆ, ಹಾಗಾಗಿ ಬೇರೆ ವಿಭಾಗಗಳಿಗೂ ಅದನ್ನೇ ಹಾಕೋಣ ಅನ್ನುವ ಮಾತು ಬಂತು. ಅವತ್ತು ಬೆಳಿಗ್ಗೆಯಷ್ಟೇ ನಾನು ಕ್ರಿಟಿಕಲ್ ರೀಸನಿಂಗ್‌ನಲ್ಲಿ, ಅಂದರೆ ಒಂದು ವಾದ ಸರಿಯಿದೆಯೇ ಅಂತ ತೂಗಿ ನೋಡುವ ವರ್ಬಲ್ ಪ್ರಶ್ನೆಗಳಲ್ಲಿ, ಇಂಥದ್ದೇ ಹತ್ತು ಪ್ರಶ್ನೆ ಬಿಡಿಸಿದ್ದೆ. ಒಂದರ ನಂತರ ಇನ್ನೊಂದು ಆಯಿತು ಅಂದ ಮಾತ್ರಕ್ಕೆ ಮೊದಲನೆಯದೇ ಕಾರಣವೇ? ಕೈ ಎತ್ತಿ ಕೇಳಿದೆ. "ಮೇಡಂ, ಅದೇ ತಿಂಗಳುಗಳಲ್ಲಿ ನಾವು ಕಳಿಸಿದ ಸರಕೂ ಕಡಿಮೆ ಇತ್ತಲ್ವಾ?" ಲೆಕ್ಕ ತೆಗೆದು ನೋಡಿದರು. ನೂರು ಪಾರ್ಸೆಲ್‌ಗೆ ಎಷ್ಟು ದೂರು ಅಂತ ನೋಡಿದರೆ ಏನೂ ಬದಲಾಗಿರಲಿಲ್ಲ.

ಅಲ್ಲಿಯವರೆಗೆ ಕೆಲಸ ಒಂದು ಕಡೆ, ಓದು ಒಂದು ಕಡೆ ಅಂತ ಎರಡೂ ನನ್ನನ್ನು ಎಳೆಯುತ್ತಿದ್ದವು. ಅವತ್ತಿನಿಂದ ಆಫೀಸಿನ ಪ್ರತಿ ಪಟ್ಟಿ, ಪ್ರತಿ ಗ್ರಾಫ್ ನನಗೆ ಡೇಟಾ ಇನ್‌ಸೈಟ್ಸ್ ಅಭ್ಯಾಸವಾಯಿತು. ಆ ಭಾಗದಲ್ಲಿ ಕೇಳುವುದು ಇವನ್ನೇ. ಕೆಲಸ ಮಾಡುವವರಿಗೆ ಇದು ದೊಡ್ಡ ಬಲ, ನಂಬಿ.

ಆ ಮೀಟಿಂಗ್ ಮುಗಿದ ಮೇಲೆ ಮೇಡಂ ಹತ್ತಿರ ಹೋಗಿ ಪರೀಕ್ಷೆಯ ವಿಷಯ ಹೇಳಿಬಿಟ್ಟೆ. ಅದುವರೆಗೆ ಮುಚ್ಚಿಟ್ಟಿದ್ದೆ. ಅವರು ಕೇಳಿದ್ದು ಇಷ್ಟೇ. "ಪರೀಕ್ಷೆ ಯಾವ ವಾರ? ಆ ವಾರ ನಿಮಗೆ ಹೊಸ ಗ್ರಾಹಕರನ್ನು ಕೊಡಲ್ಲ." ಎಲ್ಲ ಕಡೆ ಹೀಗೆ ಹೇಳಿಕೊಳ್ಳಲು ಆಗುವುದಿಲ್ಲ, ಅದು ನನಗೂ ಗೊತ್ತು. ನಿಮ್ಮ ಮೇಲಿನವರು ಎಂಥವರು ಅಂತ ನಿಮಗೇ ಚೆನ್ನಾಗಿ ಗೊತ್ತಿರುತ್ತದೆ. ನನಗೆ ಮಾತ್ರ ಎದೆಯ ಮೇಲಿನ ಕಲ್ಲು ಇಳಿಸಿದಂತಾಯಿತು.

ತಿಂಗಳ ಕೊನೆಯ ನಾಲ್ಕು ದಿನ ಓದು ಪೂರ್ತಿ ರಜೆ. ಆ ದಿನಗಳಲ್ಲಿ ನಮ್ಮ ವಿಭಾಗಕ್ಕೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಮೊದಲೆಲ್ಲ ಆ ದಿನಗಳಲ್ಲೂ ಓದಲು ಹೋಗಿ, ಆಗದೆ, ನನ್ನನ್ನೇ ಬೈದುಕೊಂಡು ಮುಂದಿನ ವಾರವನ್ನೂ ಕೆಡಿಸಿಕೊಳ್ಳುತ್ತಿದ್ದೆ.

ಮಾಕ್ ಪರೀಕ್ಷೆಗಳನ್ನು, ಅಂದರೆ ಅಭ್ಯಾಸಕ್ಕೆ ಬರೆಯುವ ಮಾದರಿ ಪರೀಕ್ಷೆಗಳನ್ನು, ಎರಡು ವಾರಕ್ಕೊಮ್ಮೆ ಭಾನುವಾರ ಬೆಳಿಗ್ಗೆ 9ಕ್ಕೇ ಬರೆದೆ. ಪರೀಕ್ಷೆ ನಡೆಸುವ ಸಂಸ್ಥೆಯೇ ಎರಡು ಮಾಕ್‌ಗಳನ್ನು ಉಚಿತವಾಗಿ ಕೊಡುತ್ತದೆ. ಅವನ್ನು ಕೊನೆಯ ತಿಂಗಳಿಗೆ ಉಳಿಸಿಕೊಂಡೆ. ಮೂರು ಭಾಗಗಳನ್ನು ಯಾವ ಕ್ರಮದಲ್ಲಿ ಬರೆಯಬೇಕು ಅನ್ನುವುದು ನಮ್ಮ ಆಯ್ಕೆ. ಓದಲು ತಾಜಾ ತಲೆ ಬೇಕು ಅಂತ ವರ್ಬಲ್ ಮೊದಲು ಇಟ್ಟೆ. ಆಮೇಲೆ ಡೇಟಾ, 10 ನಿಮಿಷ ವಿರಾಮ, ಕೊನೆಗೆ ಗಣಿತ.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಪ್ರಶ್ನೆ ಬಿಡುವುದು. ಗಣಿತದಲ್ಲಿ ಒಂದು ಪ್ರಶ್ನೆಗೆ ಸಿಗುವುದು ಹೆಚ್ಚುಕಡಿಮೆ 2 ನಿಮಿಷ. ಆಗದಿದ್ದರೆ ಏನಾದರೂ ಒಂದು ಗುರುತು ಹಾಕಿ ಮುಂದೆ ಹೋಗಬೇಕು. ಆಫೀಸಿನಲ್ಲಿ ನನ್ನ ಕೆಲಸವೇ ಯಾವ ದೂರನ್ನೂ ಅರ್ಧಕ್ಕೆ ಬಿಡದಿರುವುದು. ಅದೇ ಅಭ್ಯಾಸ ಇಲ್ಲಿ ಕಾಲು ಹಿಡಿದು ಎಳೆಯುತ್ತಿತ್ತು. ಒಂದು ಇಡೀ ತಿಂಗಳು ನಾನು ಬರೀ ಬಿಡುವುದನ್ನೇ ಅಭ್ಯಾಸ ಮಾಡಿದೆ. ಒಂದೊಂದು ಮಾಕ್‌ನಲ್ಲಿ ಮೂರು ಪ್ರಶ್ನೆ ಬಿಟ್ಟೇ ಬಿಡುತ್ತೇನೆ ಅಂತ ಮೊದಲೇ ತೀರ್ಮಾನ ಮಾಡಿ ಕೂರುತ್ತಿದ್ದೆ.

ಎರಡನೇ ಪರೀಕ್ಷೆ ಶನಿವಾರ ಬೆಳಿಗ್ಗೆ 9ಕ್ಕೆ. ಎರಡು ಪರೀಕ್ಷೆಗಳ ನಡುವೆ 16 ದಿನ ಕಳೆದರೆ ಸಾಕು ಅನ್ನುತ್ತದೆ ನಿಯಮ. ನಾನು ನಾಲ್ಕು ತಿಂಗಳು ತೆಗೆದುಕೊಂಡಿದ್ದೆ. ಪ್ರಶ್ನೆಗಳನ್ನು ಹೊರಗೆ ಹೇಳುವಂತಿಲ್ಲ, ಹಾಗಾಗಿ ಅದು ಯಾವ ಪ್ರಶ್ನೆ ಅಂತ ಹೇಳುವುದಿಲ್ಲ. ಗಣಿತದ ಕೊನೆಗೆ ನನ್ನ ಬಳಿ ಇನ್ನೂ 3 ನಿಮಿಷ ಉಳಿದಿತ್ತು. ಈಗಿನ ಪರೀಕ್ಷೆಯಲ್ಲಿ ಪ್ರಶ್ನೆಗಳಿಗೆ ಬುಕ್‌ಮಾರ್ಕ್ ಹಾಕಿ, ಸಮಯ ಉಳಿದರೆ ವಾಪಸ್ ಬಂದು ಒಂದು ಭಾಗದಲ್ಲಿ 3 ಉತ್ತರ ಬದಲಿಸಬಹುದು. ನಾನು ಎರಡಕ್ಕೆ ಬುಕ್‌ಮಾರ್ಕ್ ಹಾಕಿದ್ದೆ. ಮೊದಲನೆಯದು ತೆರೆದೆ, ಸರಿಯಿತ್ತು. ಎರಡನೆಯದು ತೆರೆದೆ. ಓದಿದೆ. ಇನ್ನೊಮ್ಮೆ ಓದಿದೆ. ನೋಟ್‌ಬುಕ್ಕಿನ ಕೆಂಪು ಸಾಲು ಕಣ್ಣ ಮುಂದೆ ಬಂತು.

ಮೈನಸ್ ಮರೆತಿದ್ದೆ.

ಉತ್ತರ ಬದಲಿಸಿದೆ. ಭಾಗ ಮುಗಿಸಿದೆ. ಪರದೆಯ ಮೇಲೆ 665 ಕಂಡಿತು. ಕೊಟ್ಟಿದ್ದ ಮಾರ್ಕರ್ ಪೆನ್ನು, ಬೋರ್ಡು ವಾಪಸ್ ಕೊಟ್ಟು, ಲಾಕರಿನಿಂದ ಫೋನು ತೆಗೆದು, ಕಾರಿಡಾರಿನಲ್ಲೇ ನಿಂತು ಅಕ್ಕನಿಗೆ ಮಾಡಿದೆ. ಒಂದೇ ರಿಂಗಿಗೆ ಎತ್ತಿದಳು. ಅಂಕ ಕೇಳಲಿಲ್ಲ.

"ಪೂರ್ತಿ ಮುಗಿಸಿದ್ಯಾ?" ಅಂದಳು.

"ಮುಗಿಸಿದೆ ಅಕ್ಕಾ. ಒಂದೂ ಬಿಡಲಿಲ್ಲ."