ಹಳೆಯ ನಾಣ್ಯಕ್ಕೆ ಹುಣಸೆಹುಳಿ ಬೇಡ

ಎಲ್ಲರಿಗೂ ನಮಸ್ಕಾರ. ಇಷ್ಟು ಜನ ಬಂದಿದ್ದೀರಿ ಅಂದರೆ ಅರ್ಧ ಮಂದಿಗೆ ನಿಧಿಯ ಆಸೆ, ಉಳಿದವರಿಗೆ ಮನೆಯ ಡಬ್ಬಿಯಲ್ಲಿರುವ ಬಿಲ್ಲೆಗಳ ಬೆಲೆ ತಿಳಿಯುವ ಆಸೆ ಇರಬೇಕು. ಬೆಲೆ ನಾನು ಹೇಳುವುದಿಲ್ಲ. ನಾನು ಕಲಿಸಿದ್ದು ರಸಾಯನಶಾಸ್ತ್ರ. ನಾಣ್ಯ ನನಗೆ ಮೊದಲು ಲೋಹ, ಆಮೇಲೆ ಇತಿಹಾಸ.

ಮಶೀನಿನ ಮಾತು ಬೇಗ ಮುಗಿಸುತ್ತೇನೆ. ಮೆಟಲ್ ಡಿಟೆಕ್ಟರಿನ ತುದಿಯ ತಟ್ಟೆಯೊಳಗೆ ತಂತಿಯ ಸುರುಳಿ ಇದೆ. ಅದು ಹೊರಡಿಸುವ ಕಾಂತಕ್ಷೇತ್ರ ಲೋಹಕ್ಕೆ ತಾಗಿದರೆ ಲೋಹದೊಳಗೆ ಸುಳಿಸುಳಿಯಾಗಿ ವಿದ್ಯುತ್ ಹುಟ್ಟುತ್ತದೆ. ಆ ವಿದ್ಯುತ್ತಿನ ಮರುಕ್ಷೇತ್ರವನ್ನು ಹಿಡಿದು ಮಶೀನು ಕೂಗುತ್ತದೆ. ಒಂದು ರೂಪಾಯಿಯಷ್ಟು ದೊಡ್ಡ ಬಿಲ್ಲೆ ಸಾಧಾರಣ ಮಶೀನಿಗೆ ಸಿಗುವುದು ಗೇಣಿನಷ್ಟು ಆಳದವರೆಗೆ. ಇಪ್ಪತ್ತು ಅಡಿ ಕೆಳಗಿನ ಕೊಪ್ಪರಿಗೆ ತೋರಿಸುತ್ತೇವೆ ಅಂತ ಮುಂಗಡ ಕೇಳುವವರು ಬಂದರೆ ಚಾ ಕೊಟ್ಟು ಕಳಿಸಿಬಿಡಿ.

ನಮ್ಮ ಕರಾವಳಿಯಲ್ಲಿ ಆ ಗೇಣೂ ಕಷ್ಟವೇ. ಚಿರೇಕಲ್ಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡು ತುಂಬಿಕೊಂಡಿರುವುದರಿಂದ ನೆಲವೇ ಕೂಗಿದ ಹಾಗೆ ಕೇಳುತ್ತದೆ. ಬೇಲೆಗೆ, ಅಂದರೆ ಕಡಲದಂಡೆಯ ಮರಳಿಗೆ, ಹೋದರೆ ಒಣ ಹೊಯ್ಗೆಯಲ್ಲಿ ಅಡ್ಡಿಯಿಲ್ಲ, ಒದ್ದೆ ಹೊಯ್ಗೆಯಲ್ಲಿ ಉಪ್ಪುನೀರೇ ವಿದ್ಯುತ್ ಹರಿಸಿ ಸುಳ್ಳು ಸದ್ದು ಎಬ್ಬಿಸುತ್ತದೆ. ಅಲ್ಲಿಗೆ ಪಲ್ಸ್ ಇಂಡಕ್ಷನ್ ಎಂಬ ಬೇರೆ ಬಗೆಯ ಮಶೀನು ಒಳ್ಳೆಯದು, ಆದರೆ ಕಬ್ಬಿಣ ಯಾವುದು ಬೆಳ್ಳಿ ಯಾವುದು ಎಂಬ ಭೇದ ಅದಕ್ಕೆ ಅಷ್ಟಾಗಿ ತಿಳಿಯುವುದಿಲ್ಲ. ಅಗೆದಲ್ಲೆಲ್ಲ ದೋಣಿಯ ಮೊಳೆ, ಬಾಟಲಿಯ ಮುಚ್ಚಳ, ಬಲೆಗೆ ಕಟ್ಟುವ ಸೀಸದ ಗುಂಡು. ಮಳೆಗಾಲದ ತೆರೆ ಹೊಯ್ಗೆ ಎಳೆದುಕೊಂಡು ಹೋಗಿ ದಂಡೆ ತಗ್ಗಾದ ದಿನಗಳಲ್ಲೇ ಹುಡುಕಬೇಕು. ಚಳಿಗಾಲ ಬರುವಷ್ಟರಲ್ಲಿ ಸಮುದ್ರ ಅದನ್ನೆಲ್ಲ ಮತ್ತೆ ತಂದು ಮುಚ್ಚಿರುತ್ತದೆ.

ಸೀಸವೆಂದು ಎಸೆಯುವ ಮೊದಲು ಒಮ್ಮೆ ತಿರುಗಿಸಿ ನೋಡಿ. ಕದಂಬರಿಗಿಂತ ಮೊದಲು ಬನವಾಸಿಯನ್ನಾಳಿದ ಚುಟು ಅರಸರು ಸೀಸದಲ್ಲೇ ನಾಣ್ಯ ಹೊಡೆಸಿದರು. ಕಾರವಾರದ ಕಡೆ ಸಿಕ್ಕ ಅಂಥ ದೊಡ್ಡ ದೊಡ್ಡ ಬಿಲ್ಲೆಗಳ ಮೇಲೆ ಚುಟುಕುಲಾನಂದ, ಮುಳಾನಂದ ಎಂಬ ಹೆಸರು ಬ್ರಾಹ್ಮಿ ಲಿಪಿಯಲ್ಲಿದೆ. ಒಂದು ಬದಿಗೆ ಕಮಾನಿನ ಮೇಲೆ ಕಮಾನು ಪೇರಿಸಿದಂಥ ಬೆಟ್ಟ, ಇನ್ನೊಂದು ಬದಿಗೆ ಬೇಲಿಯೊಳಗಿನ ಮರ.

ಕಾನೂನನ್ನೂ ಹೇಳಲೇಬೇಕು. 1878ರ ಬ್ರಿಟಿಷ್ ಕಾಲದ ನಿಧಿ ಕಾಯ್ದೆಯ ಪ್ರಕಾರ ಹತ್ತು ರೂಪಾಯಿಗಿಂತ ಹೆಚ್ಚು ಬೆಲೆಯ ಹೂತಿಟ್ಟ ವಸ್ತು ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕಿತ್ತು. 1962ರಲ್ಲಿ ನಮ್ಮ ರಾಜ್ಯವೇ ಬೇರೆ ಕಾಯ್ದೆ ಮಾಡಿಕೊಂಡಿತು. ಮಡಕೆ ತುಂಬ ನಾಣ್ಯ ಸಿಕ್ಕಿತು, ಊರಿಗೆ ಗೊತ್ತಾಗಲಿಲ್ಲ ಅಂತ ಹಿಗ್ಗಬೇಡಿ. ಅದನ್ನು ಜಿಲ್ಲಾಧಿಕಾರಿಗಳ ಕಚೇರಿಗೆ ಮುಟ್ಟಿಸಬೇಕು, ಅದೂ ತೊಳೆಯದೆ. ಮಿರ್ಜಾನ ಕೋಟೆ, ಗೇರುಸೊಪ್ಪೆಯ ಚತುರ್ಮುಖ ಬಸದಿಯಂಥ ರಕ್ಷಿತ ಜಾಗಗಳ ಹತ್ತಿರ ಮಶೀನು ತೆಗೆದುಕೊಂಡು ಹೋಗಲೇಬೇಡಿ. ಮಿರ್ಜಾನದಲ್ಲಿ ಪುರಾತತ್ವ ಇಲಾಖೆಯವರು ಪದರಪದರವಾಗಿ ಅಗೆದಾಗ ಪೋರ್ತುಗೀಜರ ಚಿನ್ನದ ನಾಣ್ಯ, ಚೀನೀ ಪಿಂಗಾಣಿ ಎರಡೂ ಸಿಕ್ಕವು. ಯಾವುದು ಯಾವ ಪದರದಲ್ಲಿತ್ತು ಎಂಬುದು ಗೊತ್ತಿದ್ದರೇ ಅವು ಮಾತಾಡುವುದು. ಕಾರವಾರದಲ್ಲಂತೂ ನೌಕಾನೆಲೆಯ ಆಸುಪಾಸು ಇಂಥ ಮಶೀನು ಹಿಡಿದು ತಿರುಗಿದರೆ ನಾಣ್ಯಕ್ಕಿಂತ ಮೊದಲು ಪೊಲೀಸರು ಸಿಗುತ್ತಾರೆ.

ಇನ್ನು ಮನೆಯಲ್ಲಿರುವ ನಾಣ್ಯ ತೊಳೆಯುವ ವಿಷಯ. ನಾನು ಬಂದದ್ದೇ ಇದಕ್ಕೆ. ಶಾಲೆಯ ಹುಡುಗನೊಬ್ಬ ಓಡಿಬಂದು, "ಅಕ್ಕೋರೇ, ಹೆಂಗೆ ಹೊಳೀತದೆ ನೋಡಿ" ಅಂತ ತಾಮ್ರದ ಬಿಲ್ಲೆಯೊಂದನ್ನು ಕೈಗಿಟ್ಟ. ಟಿಪ್ಪುವಿನ ಆನೆ ಪೈಸೆ. ಅವನ ಅಜ್ಜಿ ದೀಪ ಬೆಳಗುವ ಹಾಗೆ ಹುಣಸೆಹುಳಿ, ಬೂದಿ ಹಾಕಿ ತೆಂಗಿನ ಕತ್ತದಿಂದ ತಿಕ್ಕಿಕೊಟ್ಟಿದ್ದರು. ಆನೆಯ ಬೆನ್ನಷ್ಟೇ ಉಳಿದಿತ್ತು, ಸೊಂಡಿಲು ಇಲ್ಲ. ಹಿಂಬದಿ ಪೂರಾ ನುಣುಪು. ಟಿಪ್ಪು ನಾಣ್ಯದಲ್ಲಿ ತನ್ನ ಹೆಸರು ಹಾಕಿಸಲಿಲ್ಲ. ಯಾವ ಟಂಕಸಾಲೆ, ಯಾವ ವರ್ಷ ಎಂದು ತಿಳಿಯಲು ಪಾರಸಿ ಅಕ್ಷರ, ಅಂಕೆಗಳೇ ಗತಿ. ಅವೇ ಹೋಗಿದ್ದವು. ಅಜ್ಜಿಯದೇನೂ ತಪ್ಪಿಲ್ಲ, ದೀಪಕ್ಕೆ ಅದೇ ಸರಿ. ನೆಲದಲ್ಲಿ ಇನ್ನೂರು ವರ್ಷ ಇದ್ದ ತಾಮ್ರದ ಮೇಲ್ಮೈ ಮಾತ್ರ ಬೇರೆ. ಲೋಹದ ಒಂದು ಪದರವೇ ಕೆಂಪು ಆಕ್ಸೈಡೂ ಹಸಿರು ಕಾರ್ಬೊನೇಟೂ ಆಗಿ ಬದಲಾಗಿರುತ್ತದೆ. ಅಕ್ಷರದ ಅಂಚು ಉಳಿದಿರುವುದು ಆ ಪದರದಲ್ಲೇ. ಹುಣಸೆಯ ಟಾರ್ಟಾರಿಕ್ ಆಮ್ಲ ಮೊದಲು ಕರಗಿಸುವುದೂ ಅದನ್ನೇ.

ಹಾಗಾದರೆ ಏನು ಮಾಡಬೇಕು? ಡಿಸ್ಟಿಲ್ಡ್ ವಾಟರ್ ತನ್ನಿ, ಗ್ಯಾರೇಜಿನಲ್ಲಿ ಬ್ಯಾಟರಿ ನೀರು ಅಂದರೆ ಕೊಡುತ್ತಾರೆ. ನೀರು, ಆಸಿಡ್ ಅಲ್ಲ, ಎರಡೆರಡು ಸಲ ಕೇಳಿ ತನ್ನಿ. ನಾಣ್ಯವನ್ನು ಅದರಲ್ಲಿ ನೆನೆಹಾಕಿ, ದಿನಾ ನೀರು ಬದಲಿಸಿ. ಬಾವಿ ನೀರು ಬೇಡ, ಕಡಲಬದಿಯ ಬಾವಿಯಲ್ಲಿ ಉಪ್ಪಿರುತ್ತದೆ. ಮೆದುವಾದ ಮಣ್ಣನ್ನು ಹಲ್ಲುಕಡ್ಡಿಯಿಂದ, ಭೂತಗನ್ನಡಿ ಹಿಡಿದು, ಚೂರುಚೂರೇ ಎಬ್ಬಿಸಿ. ಅಕ್ಷರ ಓದಲು ಬಂತೋ, ಅಲ್ಲಿಗೇ ನಿಲ್ಲಿಸಿ. ಚಿನ್ನಕ್ಕೆ ಸೋಪಿನ ನೀರು ಸಾಕು. ವಿಕ್ಟೋರಿಯಾ ರಾಣಿ ಛಾಪಿನ ಬೆಳ್ಳಿ ರೂಪಾಯಿಯ ಕಪ್ಪನ್ನು ಹಾಗೇ ಬಿಡಿ, ಅಸಲಿಯೋ ಎಂದು ತಿಳಿಯಲು ಅದರ ತೂಕ 11.66 ಗ್ರಾಂ ಇದೆಯೇ ಎಂದು ನೋಡುವುದು ಹೆಚ್ಚು ಉಪಯೋಗದ ಕೆಲಸ.

ತಾಮ್ರ, ಕಂಚಿನ ಮೇಲೆ ತಿಳಿಹಸಿರು ಪುಡಿ ಎದ್ದು, ಒರೆಸಿದರೂ ವಾರದಲ್ಲಿ ಮತ್ತೆ ಬಂದರೆ ಅದು ರೋಗ. ಸಮುದ್ರದ ಕ್ಲೋರೈಡು ಒಳಗೆ ಸೇರಿಕೊಂಡು, ಗಾಳಿ ಮತ್ತು ತೇವ ಸಿಕ್ಕಾಗ ಆಮ್ಲವಾಗಿ ಲೋಹವನ್ನು ತಿನ್ನುತ್ತಾ ಹೋಗುತ್ತದೆ. ಗಾಳಿಯ ತೇವ ಸುಮಾರು ಶೇ. 45 ದಾಟಿದರೆ ಇದು ಶುರು. ಕಾರವಾರದ ಮಳೆಗಾಲದಲ್ಲಿ ಅದು ಶೇ. 80ರ ಮೇಲಿರುತ್ತದೆ! ಅಂಥ ನಾಣ್ಯವನ್ನು ಬೇರೆಯವುಗಳಿಂದ ದೂರವಿಡಿ. ವಾಷಿಂಗ್ ಸೋಡಾ, ಅಡುಗೆ ಸೋಡಾ ಎರಡೂ ಬೆರೆಸಿದ ತೆಳು ದ್ರಾವಣದಲ್ಲಿ ತಿಂಗಳುಗಟ್ಟಲೆ ಇಟ್ಟು, ದ್ರಾವಣ ಬದಲಿಸುತ್ತಾ ಬನ್ನಿ. ಆಮೇಲೆ ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ.

ಸೀಸದ್ದಾದರೆ ಮರದ ಪೆಟ್ಟಿಗೆ ಬೇಡ. ಮರ ಬಿಡುವ ಆಮ್ಲದ ಆವಿಗೆ ಸೀಸ ಬೆಳ್ಳಗೆ ಪುಡಿಯಾಗುತ್ತದೆ. ಪಿವಿಸಿ ಚೀಲವೂ ಬೇಡ, ಅದರ ಅಂಟು ಹಸಿರಾಗಿ ನಾಣ್ಯಕ್ಕೆ ಹತ್ತುತ್ತದೆ. ಸಿಕ್ಕ ಜಾಗ, ಆಳ, ತಾರೀಖು ಬರೆದ ಚೀಟಿಯನ್ನು ನಾಣ್ಯದ ಜೊತೆಗೇ ಇಡಿ.

ನಾಣ್ಯ ತಂದವರು ಮುಂದೆ ಬನ್ನಿ, ಮೇಜಿನ ಮೇಲೆ ಬಟ್ಟೆ ಹಾಸಿದೆ. ಮೂರನೇ ಸಾಲಿನ ತಮ್ಮ, ಅಂಗಿಗೆ ಒರೆಸಬೇಡವೋ ಮಾರಾಯ, ಹಾಗೇ ತಾ.