ಶಾರ್ಕ್‌ಗೆ ಹೆದರೋ ನಾವು, ಉಣುಗಿಗೆ?

ಕೇಳುಗರಿಗೆಲ್ಲ ನಮಸ್ಕಾರ. ಇವತ್ತು ಎರಡು ಜೀವಿ ಬಗ್ಗೆ ಮಾತಾಡ್ಬೇಕು ಅಂತ ಬಂದಿದೀನಿ. ಒಂದು ಬಿಳಿ ಶಾರ್ಕ್, ಕರಾವಳಿಯವರು ತಾಟೆ ಅಂತಾರಲ್ಲ ಆ ಬಳಗದ ದೊಡ್ಡಣ್ಣ. ಇನ್ನೊಂದು ನಮ್ಮ ಮಲೆನಾಡಿನ ಕಾಡಿನ ಉಣುಗು, ಹೀಮಾಫೈಸಾಲಿಸ್ ಸ್ಪಿನಿಜೆರಾ ಅಂತ ಅದರ ಶಾಸ್ತ್ರದ ಹೆಸರು.

ಶಾರ್ಕು 6 ಮೀಟರ್ ತನಕ ಬೆಳೆಯುತ್ತೆ, ಉಣುಗಿನ ಮರಿ ಗಸಗಸೆ ಕಾಳಷ್ಟು. ಆದ್ರೆ ಬೇಟೆ ಹುಡುಕೋದ್ರಲ್ಲಿ ಇಬ್ಬರೂ ಗಟ್ಟಿಗರು ಕಣ್ರೀ. ಶಾರ್ಕಿನ ಮೂತಿ ಮೇಲಿರೋ ಸಣ್ಣ ಸಣ್ಣ ರಂಧ್ರಗಳಿಗೆ ಇನ್ನೊಂದು ಮೀನಿನ ಮೈಯಿಂದ ಬರೋ ವಿದ್ಯುತ್ತೂ ಗೊತ್ತಾಗುತ್ತೆ, ಉಣುಗು ಮುಂಗಾಲಲ್ಲಿ ನಮ್ಮ ಉಸಿರಿನ ಇಂಗಾಲದ ಡೈಆಕ್ಸೈಡು, ಮೈ ಬಿಸಿ ಎಲ್ಲಾ ಪತ್ತೆ ಹಚ್ಚಿ ಎಲೆ ತುದೀಲಿ ಕಾಲು ಚಾಚಿಕೊಂಡು ಕಾಯ್ತಾ ಇರುತ್ತೆ. ಕಚ್ಚಿದ್ರೂ ನೋವಾಗಲ್ಲ, ಅದೇ ಕಷ್ಟ.

ಇನ್ನು ಸಂತಾನ. ಹೆಣ್ಣು ಶಾರ್ಕ್ ಮರಿ ಹಾಕೋಕೆ ಸುಮಾರು 30 ವರ್ಷ ಕಾಯ್ಬೇಕು, ಹಾಕಿದ್ರೂ ಬೆರಳೆಣಿಕೆಯಷ್ಟು. ಉಣುಗು ಒಂದೇ ಸಲ ಸಾವಿರಾರು ಮೊಟ್ಟೆ ಇಟ್ಟು ಸಾಯುತ್ತೆ. ಹಾಗಾಗಿ ಶಾರ್ಕ್ ಕೊಂದ್ರೆ ಆ ಜಾಗ ಬೇಗ ತುಂಬಲ್ಲ, ನನಗೆ ಬೇಜಾರಾಗೋದು ಅದಕ್ಕೇ.

ಇಡೀ ಪ್ರಪಂಚದಲ್ಲಿ ಕೆಣಕದೇನೇ ಶಾರ್ಕ್ ಕಚ್ಚಿ ಸಾಯೋರು ವರ್ಷಕ್ಕೆ ಸರಾಸರಿ ಆರು ಜನ. ಇತ್ತ ನಮ್ಮ ಉಣುಗು ಹೊತ್ತು ತರೋದು ಮಂಗನ ಕಾಯಿಲೆ, 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ ಮಂಗಗಳು ಸಾಲುಸಾಲಾಗಿ ಸತ್ತಾಗ ಪತ್ತೆಯಾಗಿದ್ದು, ನೂರು ಜನಕ್ಕೆ ಬಂದ್ರೆ ಮೂರರಿಂದ ಐದು ಜನ ಉಳಿಯಲ್ಲ. 2019ರಲ್ಲಿ ಸಾಗರದ ಅರಳಗೋಡು ಅನುಭವಿಸಿದ್ದು ನೆನಪಿರಬೇಕು ನಿಮಗೆ.

ಡಿಸೆಂಬರಿಂದ ಮೇ ತನಕ ಮರಿ ಉಣುಗಿನ ಕಾಲ, ಕೊಟ್ಟಿಗೆಗೆ ದರಗು, ಅಂದ್ರೆ ಉದುರಿದ ಒಣ ಎಲೆ ಗುಡಿಸೋ ಕಾಲನೂ ಅದೇ. ಕಾಡಿಗೆ ಹೋಗೋ ಮುಂಚೆ ಉಣುಗು ಹತ್ತದ ಹಾಗೆ ತಡೆಯೋ ಡೇಪಾ ಎಣ್ಣೆ ಕೈಕಾಲಿಗೆ ಹಚ್ಕೊಳ್ಳಿ, ಬಂದಮೇಲೆ ಬಿಸಿನೀರಲ್ಲಿ ಸ್ನಾನ ಮಾಡಿ ಬಟ್ಟೆನೂ ಬಿಸಿನೀರಲ್ಲೇ ಒಗೀರಿ. ದಿಢೀರ್ ಜ್ವರ, ತಲೆ ಸಿಡಿತ, ಮೈಕೈ ನೋವು ಬಂದ್ರೆ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮರೀದೆ ಹೇಳಿ. ಸತ್ತ ಮಂಗ ಕಂಡ್ರೆ ಹತ್ರ ಹೋಗ್ಬೇಡಿ, ಮುಟ್ಟಬೇಡಿ, ಆ ಮೈ ತಣ್ಣಗಾಗ್ತಿದ್ದ ಹಾಗೇ ಉಣುಗುಗಳು ಇಳಿದು ಸುತ್ತಲಿನ ದರಗಿನೊಳಗೆ ಸೇರ್ಕೊಂಡಿರ್ತವೆ, ತಕ್ಷಣ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ. ನಮಸ್ಕಾರ.